ಎರಡು ಚಳಿಗಾಲ ಬಾಳಿದ ತಂಡ

ದೀರ್ಘಾಯುಸ್ಸು ಪಡೆದ ಸಂಸ್ಥೆಗಳಿಗೆ ಚರಿತ್ರಕಾರರು ತಾವಾಗಿಯೇ ಒದಗುವರು. ನೂರು ವರ್ಷ ನಡೆದ ಪಾಠಶಾಲೆಗೆ ಶತಮಾನೋತ್ಸವ, ಸ್ಮರಣಸಂಚಿಕೆ, ಹಾರತುರಾಯಿ ಎಲ್ಲವೂ ಉಂಟು. ಎರಡು ಮೂರು ವರ್ಷ ನಡೆದು ಬಾಗಿಲು ಮುಚ್ಚಿದುದಕ್ಕೆ ಹೆಸರಿನ ಹಲಗೆಯೂ ಉಳಿಯುವುದಿಲ್ಲ. ಅದು ಏಕೆ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು, ಯಾವ ಕಾರಣದಿಂದ ಅಳಿಯಿತು ಎಂದು ಕೇಳುವವರಿಲ್ಲ. ಆದರೆ ಗೃಹಸ್ಥರಾದ ನಮಗೆ ಅಂಥವುಗಳ ಕಥೆಯಿಂದ ಆಗುವ ಪ್ರಯೋಜನ ಕಡಮೆಯದಲ್ಲವೆಂದು ನನ್ನ ನಂಬಿಕೆ. ಏಕೆಂದರೆ ನಮ್ಮಲ್ಲಿ ಬಹುಮಂದಿಯ ಪ್ರಯತ್ನಗಳು ಆ ಜಾತಿಗೇ ಸೇರಿದವು. ಈ ತಿಂಗಳು ಅಂತಹ ಅಲ್ಪಾಯುವೊಂದರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ. ಅದು ಪಾಠಶಾಲೆಯಲ್ಲ, ಹುಡುಗರ ಆಟದ ತಂಡ. ನಮ್ಮ ನಾಡಿನದೂ ಅಲ್ಲ, ಹಿಮಭೂಮಿಯಾದ ಕೆನಡಾ ದೇಶದ್ದು.

ಅದು ನನ್ನ ಗಮನಕ್ಕೆ ಬಂದ ಬಗೆಯನ್ನು ಮೊದಲು ಹೇಳಬೇಕು. ಕಳೆದ ಚಳಿಗಾಲದಲ್ಲಿ ಆ ದೇಶದ ಆಲ್ಬರ್ಟಾ ಪ್ರಾಂತದ ರಾಜಧಾನಿಯಾದ ಎಡ್ಮಂಟನ್ ನಗರದಲ್ಲಿ, ಮಗಳ ಮನೆಯಲ್ಲಿ, ಎರಡು ತಿಂಗಳು ತಂಗಿದ್ದೆ. ಹತ್ತು ವರ್ಷದ ಮೊಮ್ಮಗನು ಒಂದು ದಿನ ಹಳೆಯ ಬಟ್ಟೆ ಮಾರುವ ಅಂಗಡಿಯಿಂದ ಆಟದ ಅಂಗಿಯೊಂದನ್ನು ಕೊಂಡು ತಂದನು. ಅದರ ಮೇಲೆ ‘ಐಸ್’ ಎಂಬ ಹೆಸರಿತ್ತು, ಮಂಜುಗಡ್ಡೆ ಎಂದರ್ಥ. “ತಾತ, ಇದು ನಮ್ಮ ಊರಿನ ತಂಡವಂತೆ. ನಮ್ಮ ಶಾಲೆಯಲ್ಲಿ ಒಬ್ಬರೂ ಇದರ ಹೆಸರನ್ನೇ ಕೇಳಿಲ್ಲ. ಇದು ಎಲ್ಲಿ ಹೋಯಿತು?” ಎಂದು ಕೇಳಿದನು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಹುಡುಗರ ಪ್ರಶ್ನೆಗಳಿಗೆ ಉತ್ತರ ಹೇಳಿ ಅಭ್ಯಾಸವಾದವನಿಗೆ “ತಿಳಿಯದು” ಎನ್ನುವುದು ಕಷ್ಟ. “ನೋಡಿ ಹೇಳುತ್ತೇನೆ, ಮಗು” ಎಂದೆ. ನೋಡುತ್ತ ಹೋದಂತೆ ಆ ಹಳೆಯ ಅಂಗಿಯ ಹಿಂದೆ ಒಂದು ಪುರಾಣವೇ ಇದ್ದುದು ತಿಳಿದುಬಂದಿತು.

ಹಾಕಿ ಎಂದೊಡನೆ ನಮ್ಮ ವಾಚಕರಿಗೆ ಕೊಡಗಿನ ಹಸುರು ಬಯಲು ನೆನಪಾಗುವುದು ಸಹಜ. ಕೆನಡಾದವರಿಗೆ ಹಾಕಿಯೆಂದರೆ ಮಂಜುಗಡ್ಡೆಯ ಮೇಲಣ ಆಟ. ಸುಮಾರು ೨೦೦ ಅಡಿ ಉದ್ದ, ೮೫ ಅಡಿ ಅಗಲದ ಅಂಗಳದಲ್ಲಿ ನೀರನ್ನು ಹೆಪ್ಪುಗಟ್ಟಿಸಿರುತ್ತಾರೆ. ಆಟಗಾರರು ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಕಟ್ಟಿ ಅದರ ಮೇಲೆ ಜಾರುತ್ತ ಓಡುವರು. ಚೆಂಡಿನ ಬದಲು ೩ ಅಂಗುಲ ವ್ಯಾಸದ, ೧ ಅಂಗುಲ ದಪ್ಪದ ರಬ್ಬರಿನ ಬಿಲ್ಲೆ. ಗೋಲು ಕಾಯುವವನೂ ಸೇರಿ ಕಡೆಗೆ ಆರು ಮಂದಿ. ೨೦ ನಿಮಿಷಗಳ ಮೂರು ಭಾಗಗಳಲ್ಲಿ ಆಟ ಮುಗಿಯುವುದು. ನೋಡುವವರ ಕಣ್ಣು ಬಿಲ್ಲೆಯ ವೇಗವನ್ನು ಅನುಸರಿಸಲಾರದೆ ಸೋಲುವುದು. ನನ್ನ ಕಣ್ಣಂತೂ ಮೊದಲ ದಿನವೇ ಸೋತಿತು.

ಈ ಆಟದಲ್ಲಿ ‘ಜೂನಿಯರ್’ ಎಂಬ ಒಂದು ಮೆಟ್ಟಲುಂಟು. ಬಹುಮಟ್ಟಿಗೆ ೧೬ರಿಂದ ೨೦ ವರ್ಷದ ಹುಡುಗರು ಇದರಲ್ಲಿ ಆಡುವರು. ಇವರ ಅತ್ಯುನ್ನತ ಪಂಕ್ತಿಯಲ್ಲಿ ಮೂರು ಲೀಗುಗಳಿವೆ: ಪಶ್ಚಿಮದ್ದೊಂದು, ಒಂಟೇರಿಯೊ ಪ್ರಾಂತದ್ದೊಂದು, ಕ್ವಿಬೆಕ್ ಮತ್ತು ಪೂರ್ವತೀರದ್ದೊಂದು. ಮೂರರ ವಿಜೇತರೂ, ಪಂದ್ಯಾವಳಿ ನಡೆಯುವ ಊರಿನ ತಂಡವೂ ವರ್ಷದ ಕಡೆಯಲ್ಲಿ ಕಲೆತು ‘ಮೆಮೋರಿಯಲ್ ಕಪ್’ ಎಂಬ ಪಾತ್ರೆಗಾಗಿ ಸೆಣಸುವರು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಕೆನಡಾದ ಯೋಧರ ಸ್ಮರಣಾರ್ಥವಾಗಿ ೧೯೧೯ರಲ್ಲಿ ಸ್ಥಾಪಿತವಾದ ಬಹುಮಾನವದು.

ನನ್ನ ಮನಸ್ಸನ್ನು ಸೆಳೆದುದು ಪಾತ್ರೆಯಲ್ಲ, ಹುಡುಗರ ಜೀವನಕ್ರಮ. ಹದಿನಾರು ತುಂಬುವಷ್ಟರಲ್ಲಿ ಹುಡುಗನು ತಂದೆತಾಯಿಗಳನ್ನು ಬಿಟ್ಟು, ತನ್ನನ್ನು ಆರಿಸಿಕೊಂಡ ತಂಡದ ಊರಿಗೆ ಹೋಗಬೇಕು. ಅಲ್ಲಿ ಅವನಿಗೆ ವಿದ್ಯಾರ್ಥಿನಿಲಯವಿಲ್ಲ. ಊರಿನ ಒಂದು ಸಂಸಾರವು ಅವನನ್ನು ತನ್ನ ಮನೆಯಲ್ಲಿರಿಸಿಕೊಳ್ಳುವುದು. ತಿಂಗಳಿಗೆ ಇಷ್ಟೆಂದು ಅಲ್ಪ ಧನವನ್ನು ತಂಡದವರು ಕೊಟ್ಟರೂ ಬೆಳೆಯುವ ಹುಡುಗನ ಹಸಿವಿನ ಮುಂದೆ ಅದು ಲೆಕ್ಕಕ್ಕಿಲ್ಲ. ಹಗಲು ಆ ಊರಿನ ಶಾಲೆ, ಬಳಿಕ ಅಭ್ಯಾಸ, ವಾರಕ್ಕೆ ಎರಡು ಮೂರು ಪಂದ್ಯ. ಪರಸ್ಥಳದ ಪಂದ್ಯವಾದರೆ ಹಿಮದ ರಸ್ತೆಯಲ್ಲಿ ಎಂಟು ಹತ್ತು ಗಂಟೆಗಳ ಬಸ್ಸಿನ ಪ್ರಯಾಣ. ನಡುರಾತ್ರಿ ಹಿಂದಿರುಗಿದವನಿಗೆ ಬಾಗಿಲು ತೆರೆದು ಊಟವನ್ನು ಬಿಸಿಮಾಡಿ ಬಡಿಸುವವಳು ಆ ಮನೆಯ ಗೃಹಿಣಿ. ನಮ್ಮ ತಂದೆಯವರು ವಾರಾನ್ನದಿಂದ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು. ತಮಗೆ ಅನ್ನವಿಕ್ಕಿದ ಏಳು ತಾಯಂದಿರ ಹೆಸರುಗಳನ್ನು ಕೊನೆಯ ದಿನಗಳವರೆಗೂ ವಾರದ ಕ್ರಮದಲ್ಲಿಯೇ ಹೇಳುತ್ತಿದ್ದರು. ಆದುದರಿಂದ ಈ ಪದ್ಧತಿಯ ಅರ್ಥವು ನನಗೆ ಬೇಗ ಹೊಳೆಯಿತು. ಜೂನಿಯರ್ ತಂಡವೆಂದರೆ ಇಪ್ಪತ್ತಕ್ಕೂ ಮಿಕ್ಕ ಹುಡುಗರಿಗೆ ಒಂದು ಊರು ಮನೆಯಾಗುವುದು. ಮುಂದಿನ ಕಥೆಯಲ್ಲಿ ಇದನ್ನು ಮರೆಯಬಾರದು.

ಪಶ್ಚಿಮದ ಲೀಗನ್ನು ಕಟ್ಟಿ ಬೆಳೆಸಿದವರಲ್ಲಿ ಅಗ್ರಗಣ್ಯರು ಎಡ್ ಚಿನೊವೆತ್ ಎಂಬುವರು. ಸಾಸ್ಕಾಚೆವನ್ ಪ್ರಾಂತದ ಡಾಡ್ಸ್‌ಲ್ಯಾಂಡ್ ಎಂಬ ಹಳ್ಳಿಯಲ್ಲಿ ೧೯೪೧ರಲ್ಲಿ ಹುಟ್ಟಿದ ಇವರು, ನಡುವೆ ಸ್ವಲ್ಪ ಕಾಲವನ್ನು ಬಿಟ್ಟರೆ, ೧೯೭೦ರ ದಶಕದ ಆದಿಯಿಂದ ೧೯೯೦ರ ದಶಕದ ಮಧ್ಯದವರೆಗೂ ಅದರ ಅಧ್ಯಕ್ಷರಾಗಿದ್ದರು. ಪರರ ತಂಡಗಳ ವ್ಯಾಜ್ಯಗಳನ್ನು ಇಷ್ಟು ಕಾಲ ತೀರಿಸಿದವರು ಐವತ್ತೈದರ ಸಮೀಪದಲ್ಲಿ ತಮ್ಮದೇ ಒಂದು ತಂಡವನ್ನು ಕಟ್ಟಲು ಬಯಸಿದರು. ಹೀಗೆ ೧೯೯೬ರಲ್ಲಿ ‘ಎಡ್ಮಂಟನ್ ಐಸ್’ ಜನಿಸಿತು.

ಸ್ಥಳವು ಸಾಮಾನ್ಯವಾದುದಲ್ಲ. ಎಡ್ಮಂಟನ್ ಆಗ ಆರು ಲಕ್ಷಕ್ಕೂ ಮಿಗಿಲಾದ ಜನವಸತಿಯುಳ್ಳ ನಗರ. ಹಾಕಿಯೆಂದರೆ ಪ್ರಾಣ ಬಿಡುವ ಊರು. ಆದರೆ ಅದೇ ಅದರ ತೊಡಕೂ ಆಗಿದ್ದಿತು. ಅಲ್ಲಿಯ ‘ಆಯ್ಲರ್ಸ್’ ಎಂಬ ವೃತ್ತಿತಂಡವು ೧೯೮೪ರಿಂದ ೧೯೯೦ರೊಳಗೆ ಐದು ಸಲ ಸ್ಟ್ಯಾನ್ಲಿ ಕಪ್ಪನ್ನು ಗೆದ್ದು ಜಗತ್ಪ್ರಸಿದ್ಧವಾಗಿತ್ತು. ಆಲದ ಮರದ ಕೆಳಗೆ ಬೇರೊಂದು ಗಿಡ ಬೆಳೆಯುವುದು ದುರ್ಲಭ. ‘ಆಯಿಲ್ ಕಿಂಗ್ಸ್’ ಎಂಬ ಅಲ್ಲಿನ ಹಳೆಯ ಜೂನಿಯರ್ ತಂಡವು ೧೯೬೩ರಲ್ಲಿಯೂ ೧೯೬೬ರಲ್ಲಿಯೂ ಮೆಮೋರಿಯಲ್ ಕಪ್ಪನ್ನು ಗೆದ್ದಿತ್ತು. ಆಯ್ಲರ್ಸ್ ತಂಡವು ೧೯೭೨ರಲ್ಲಿ ಹುಟ್ಟಿತು. ನಾಲ್ಕೇ ವರ್ಷಗಳಲ್ಲಿ, ೧೯೭೬ರಲ್ಲಿ, ಆಯಿಲ್ ಕಿಂಗ್ಸ್ ತಂಡ ಗಂಟುಮೂಟೆ ಕಟ್ಟಿ ಅಮೆರಿಕದ ಪೋರ್ಟ್‌ಲೆಂಡಿಗೆ ಹೊರಟುಹೋಯಿತು. ೧೯೭೮ರಲ್ಲಿ ಮ್ಯಾನಿಟೋಬಾ ಪ್ರಾಂತದ ಫ್ಲಿನ್ ಫ್ಲಾನ್ ಎಂಬ ಗಣಿಯ ಊರಿನಿಂದ ಮತ್ತೊಂದು ತಂಡ ಬಂದು ಅದೇ ಹೆಸರನ್ನಿಟ್ಟುಕೊಂಡಿತು. ಅದು ಎಡ್ಮಂಟನ್ನಿನಲ್ಲಿ ನಿಂತುದು ಒಂದೇ ಋತು. ಹೀಗೆ ಎರಡು ಕೂಸುಗಳು ಬದುಕದ ತೊಟ್ಟಿಲಿನಲ್ಲಿಯೇ ಮೂರನೆಯದನ್ನು ಮಲಗಿಸಿದಂತಾಯಿತು.

ಹುಡುಗರಿಗೆ ದೊರೆತ ಅಂಗಣವನ್ನು ನೋಡಿರಿ. ಆಯ್ಲರ್ಸ್ ತಂಡಕ್ಕೆ ೧೬ ಸಾವಿರಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದಾದ ‘ಕೊಲಿಸಿಯಂ’ ಎಂಬ ಭವನ. ಐಸ್ ತಂಡಕ್ಕೆ ‘ಆಗ್ರಿಕಾಂ’. ಕೃಷಿಯ ಪ್ರದರ್ಶನ ಮತ್ತು ಸಂತೆಗಳಿಗಾಗಿ ಕಟ್ಟಿದ ಶಾಲೆ. ಎರಡೂ ನಾರ್ತ್‌ಲೆಂಡ್ಸ್ ಎಂಬ ಒಂದೇ ಆವರಣದಲ್ಲಿದ್ದುವು. ದೊಡ್ಡ ಮನೆಯ ಅಂಗಳದಲ್ಲಿಯೇ ಕೊಟ್ಟಿಗೆಯಲ್ಲಿ ಸಂಸಾರ ಹೂಡಿದ ಬಡನೆಂಟನ ಸ್ಥಿತಿ ಅದು. ಹೊಸ ತಂಡವಾದುದರಿಂದ ಆಟಗಾರರಲ್ಲಿ ನುರಿತವರು ಕಡಮೆ, ಎಳೆಯರೇ ಹೆಚ್ಚು. ಆ ಕಾಲದಲ್ಲಿ ಋತುವೊಂದಕ್ಕೆ ೭೨ ಪಂದ್ಯಗಳು. ಗೆದ್ದವುಗಳಿಗಿಂತ ಸೋತವು ಬಹಳ. ಎರಡು ವರ್ಷಗಳಲ್ಲಿ ಒಂದು ಸಲವೂ ಅದು ಋತುವಿನ ಕೊನೆಯ ನಿರ್ಣಾಯಕ ಪಂದ್ಯಗಳಿಗೆ ಅರ್ಹತೆ ಪಡೆಯಲಿಲ್ಲ.

ಇದೇ ಸಮಯದಲ್ಲಿ ನಗರದ ಮನಸ್ಸು ಬೇರೆ ಕಡೆ ಇದ್ದಿತು. ೧೯೯೭ರ ವಸಂತದಲ್ಲಿ ಡಾಲಸ್ ತಂಡವನ್ನೂ, ೧೯೯೮ರ ವಸಂತದಲ್ಲಿ ಕೊಲೊರಾಡೊ ತಂಡವನ್ನೂ ಆಯ್ಲರ್ಸ್ ಸೋಲಿಸಿದಾಗ ಊರಿಗೆ ಊರೇ ಹಿಗ್ಗಿತು. ಆ ೧೯೯೮ರಲ್ಲಿಯೇ ಒಡೆಯರ ಸಾಲದ ದೆಸೆಯಿಂದ ಆಯ್ಲರ್ಸ್ ಪರನಗರದ ಪಾಲಾಗುವ ಭೀತಿಯೂ ಒದಗಿತು. ಸ್ಥಳದ ಮೂವತ್ತಕ್ಕೂ ಹೆಚ್ಚು ಮಂದಿ ಹಣವಂತರು ಕೂಡಿ ಆ ತಂಡವನ್ನು ಕೊಂಡು ಉಳಿಸಿಕೊಂಡರು. ನಗರವೆಲ್ಲ ನಿಟ್ಟುಸಿರುಬಿಟ್ಟಿತು. ಈ ಸಂಭ್ರಮದಲ್ಲಿ, ಅದೇ ಆವರಣದ ಸಂತೆಶಾಲೆಯಿಂದ ಹುಡುಗರ ತಂಡವೊಂದು ಸದ್ದಿಲ್ಲದೆ ಸಾಮಾನು ಕಟ್ಟಿದುದು ಎಷ್ಟು ಜನರ ಕಣ್ಣಿಗೆ ಬಿದ್ದೀತು? ೧೯೯೮ರಲ್ಲಿ ಎಡ್ಮಂಟನ್ ಐಸ್ ಇಲ್ಲವಾಯಿತು. ಮೊಮ್ಮಗನ ಅಂಗಿಯ ಆಯುಸ್ಸು ಅಲ್ಲಿಗೆ ಮುಗಿಯಿತು.

ಆದರೆ ಕಥೆ ಮುಗಿಯಲಿಲ್ಲ. ಜೀವನು ಒಂದು ದೇಹವನ್ನು ಬಿಟ್ಟು ಮತ್ತೊಂದನ್ನು ಹೊಗುವನೆಂದು ನಮ್ಮ ಶಾಸ್ತ್ರಗಳು ಹೇಳುವುವಷ್ಟೆ. ಈ ತಂಡವು ರಾಕಿ ಪರ್ವತಗಳ ಆಚೆಗೆ, ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಆಗ್ನೇಯ ಮೂಲೆಯಲ್ಲಿರುವ ಕ್ರಾನ್‌ಬ್ರುಕ್ ಎಂಬ ಊರನ್ನು ಸೇರಿತು. ಜನಸಂಖ್ಯೆ ಸುಮಾರು ೨೦ ಸಾವಿರ. ಆ ಸೀಮೆಗೆ ಕೂಟನಿ ಎಂದು ಹೆಸರು. ಆದುದರಿಂದ ತಂಡವು ‘ಕೂಟನಿ ಐಸ್’ ಎನಿಸಿತು. ಇಲ್ಲಿ ಮೇಲೆ ಕವಿದ ಆಲದ ಮರವಿರಲಿಲ್ಲ. ೨೦೦೦ದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಆಸನಗಳ ಹೊಸ ಕ್ರೀಡಾಭವನವು ತೆರೆಯಿತು. ಲೆಕ್ಕ ಹಾಕಿ ನೋಡಿರಿ: ಅದು ತುಂಬಿದ ದಿನ ಊರಿನ ಐವರಲ್ಲಿ ಒಬ್ಬರು ಅಲ್ಲಿರಬೇಕು! ಅಂಗಡಿಯವನು, ಉಪಾಧ್ಯಾಯಿನಿ, ಅಂಚೆಯವನು, ಎಲ್ಲರಿಗೂ ಹುಡುಗರ ಮುಖಪರಿಚಯವಿರುವಷ್ಟು ಚಿಕ್ಕ ಊರು.

ಇಷ್ಟರಲ್ಲಿ ಏನಾಯಿತು? ಎಡ್ಮಂಟನ್ನಿನಲ್ಲಿ ಎರಡು ವರ್ಷವೂ ನೆಲಕಚ್ಚಿದ ತಂಡವು ಕ್ರಾನ್‌ಬ್ರುಕ್ಕಿನಲ್ಲಿ ಮೊದಲ ಹದಿನೇಳು ಋತುಗಳಲ್ಲಿ ಒಂದರಲ್ಲಿಯೂ ತಪ್ಪದೆ ನಿರ್ಣಾಯಕ ಪಂದ್ಯಗಳನ್ನು ಪ್ರವೇಶಿಸಿತು. ೨೦೦೦, ೨೦೦೨, ೨೦೧೧ ಈ ಮೂರು ವರ್ಷಗಳಲ್ಲಿ ಪಶ್ಚಿಮ ಲೀಗಿನ ಪಟ್ಟವನ್ನು ಗೆದ್ದಿತು. ೨೦೦೨ರಲ್ಲಿ ಒಂಟೇರಿಯೊ ಪ್ರಾಂತದ ಗ್ವೆಲ್ಫ್ ನಗರದಲ್ಲಿ ವಿಕ್ಟೋರಿಯಾವಿಲ್ ತಂಡವನ್ನು ೬-೩ ಗೋಲುಗಳಿಂದ ಸೋಲಿಸಿ ಮೆಮೋರಿಯಲ್ ಕಪ್ಪನ್ನೇ ಮನೆಗೆ ತಂದಿತು. ವಿಜಯಿಗಳಲ್ಲಿ ಜ್ಯಾರೆಟ್ ಸ್ಟೋಲ್ ಎಂಬ ತರುಣನಿದ್ದನು. ಇವನು ನಾಲ್ಕು ವರ್ಷಗಳ ಹಿಂದಿನ ಚಳಿಗಾಲದಲ್ಲಿ, ಎಡ್ಮಂಟನ್ನಿನ ಕೊನೆಯ ಋತುವಿನಲ್ಲಿ, ಆ ಸೋಲುವ ತಂಡದ ಅಂಗಿಯನ್ನು ತೊಟ್ಟು ಕೆಲವೇ ಪಂದ್ಯಗಳನ್ನಾಡಿದ್ದ ಎಳೆಯ ಹುಡುಗ. ಮುಂದೆ ಇವನನ್ನು ಆರಿಸಿಕೊಂಡವರು ಯಾರೆಂದು ಬಲ್ಲಿರಾ? ಅದೇ ಎಡ್ಮಂಟನ್ನಿನ ಆಯ್ಲರ್ಸ್! ಸಂತೆಶಾಲೆಯಿಂದ ಹೊರಟ ಹುಡುಗ ದೊಡ್ಡ ಮನೆಯ ಹೆಬ್ಬಾಗಿಲಿನಿಂದ ಒಳಗೆ ಬಂದನು. ತರುವಾಯ ಲಾಸ್ ಏಂಜಲೀಸ್ ತಂಡದವನಾಗಿ ೨೦೧೨ರಲ್ಲಿಯೂ ೨೦೧೪ರಲ್ಲಿಯೂ ಸ್ಟ್ಯಾನ್ಲಿ ಕಪ್ಪಿನ ವಿಜಯದಲ್ಲಿ ಭಾಗಿಯಾದನು.

೨೦೧೧ರ ಪಟ್ಟದ ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ. ಲೀಗಿನ ವಿಜೇತರಿಗೆ ಕೊಡುವ ಪಾತ್ರೆಗೆ ೨೦೦೭ರಲ್ಲಿ ‘ಎಡ್ ಚಿನೊವೆತ್ ಕಪ್’ ಎಂದು ನಾಮಕರಣವಾಗಿತ್ತು. ೨೦೦೮ರ ಏಪ್ರಿಲ್ ತಿಂಗಳಿನಲ್ಲಿ ಆ ಮಹನೀಯರು ತೀರಿಕೊಂಡರು. ಅದಾದ ಮೂರು ವರ್ಷಕ್ಕೆ ಅವರು ಸ್ಥಾಪಿಸಿದ ತಂಡವೇ, ಅವರ ಮಗ ಜೆಫ್ ಚಿನೊವೆತ್ ಅವರ ಕಾರ್ಯನಿರ್ವಾಹಕತ್ವದಲ್ಲಿ, ಅವರ ಹೆಸರಿನ ಪಾತ್ರೆಯನ್ನು ಗೆದ್ದಿತು. ಅಂತಿಮದಲ್ಲಿ ಸೋತ ತಂಡ ಪೋರ್ಟ್‌ಲೆಂಡಿನದು. ಎಂದರೆ ೧೯೭೬ರಲ್ಲಿ ಎಡ್ಮಂಟನ್ನನ್ನು ಬಿಟ್ಟುಹೋದ ಆಯಿಲ್ ಕಿಂಗ್ಸ್ ತಂಡದ ವಂಶಸ್ಥರು. ಒಂದೇ ಊರಿನಿಂದ ಹೊರಟ ಇಬ್ಬರು ವಲಸೆಗಾರರು ಪರಸ್ಥಳದಲ್ಲಿ ಸಂಧಿಸಿ ಸಿಂಹಾಸನಕ್ಕಾಗಿ ಸೆಣಸಿದಂತಾಯಿತು.

ಸುಖಾಂತವಾಗಿ ಇಲ್ಲಿಗೇ ಮಂಗಳ ಹಾಡಬಹುದಾಗಿತ್ತು. ಆದರೆ ಚರಿತ್ರೆ ಹರಿಕಥೆಯಲ್ಲ. ವರ್ಷಗಳು ಕಳೆದಂತೆ ಆಟದ ಬಲವೂ ನೋಟಕರ ಸಂಖ್ಯೆಯೂ ಕುಗ್ಗಿದುವು. ೨೦೧೭ರಲ್ಲಿ ಚಿನೊವೆತ್ ಮನೆತನದವರು ತಂಡವನ್ನು ಮಾರಿದರು. ಹೊಸ ಒಡೆಯರು ೨೦೧೯ರಲ್ಲಿ ಅದನ್ನು ಮ್ಯಾನಿಟೋಬಾದ ರಾಜಧಾನಿಯಾದ ವಿನಿಪೆಗ್ ನಗರಕ್ಕೆ ಒಯ್ದರು. ಕ್ರಾನ್‌ಬ್ರುಕ್ಕಿನ ವಾಸ ೨೧ ಋತುಗಳು. ವಿನಿಪೆಗ್ ಮತ್ತೆ ಮಹಾನಗರ. ಅಲ್ಲಿಯೂ ‘ಜೆಟ್ಸ್’ ಎಂಬ ದೊಡ್ಡ ವೃತ್ತಿತಂಡವುಂಟು. ಹುಡುಗರಿಗೆ ದೊರೆತುದು ವಿಶ್ವವಿದ್ಯಾಲಯದ ಆವರಣದಲ್ಲಿ ಎರಡು ಸಾವಿರಕ್ಕೂ ಕಡಮೆ ಆಸನಗಳ ಅಂಗಣ. ಹೊಸ ಭವನವನ್ನು ಕಟ್ಟಿಸುವುದಾಗಿ ಕೊಟ್ಟ ಮಾತು ಮಾತಾಗಿಯೇ ಉಳಿಯಿತು.

ಇಲ್ಲಿ ವಾಚಕರು ಸ್ವಲ್ಪ ಲಕ್ಷ್ಯವಿಡಬೇಕು. ಎಡ್ಮಂಟನ್ನಿನಲ್ಲಿ ಈ ತಂಡ ಸೋತಿತು, ಆದುದರಿಂದ ಹೋಯಿತು ಎಂದು ನಾವು ಸುಲಭವಾಗಿ ಹೇಳಿಬಿಡುವೆವು. ವಿನಿಪೆಗ್ಗಿನಲ್ಲಿ ಅದು ಗೆದ್ದಿತು. ೨೦೨೧-೨೨ರಲ್ಲಿಯೂ ೨೦೨೨-೨೩ರಲ್ಲಿಯೂ ಇಡೀ ಲೀಗಿನಲ್ಲಿ ಅತ್ಯಧಿಕ ಅಂಕಗಳನ್ನು ಪಡೆದುದು ಅದೇ. ೨೦೨೩ರಲ್ಲಿ ಅಂತಿಮದವರೆಗೂ ಹೋಗಿ ಸಿಯಾಟಲ್ ತಂಡಕ್ಕೆ ಸೋತಿತು. ಒಂದು ತಿಂಗಳು ಕಳೆಯಿತೋ ಇಲ್ಲವೋ, ಆ ತಂಡವನ್ನು ಮಾರಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಸೇಬಿನ ತೋಟಗಳಿಗೆ ಪ್ರಸಿದ್ಧವಾದ ವೆನಾಚಿ ಎಂಬ ಊರಿಗೆ ಕಳುಹಿಸಿದರು. ಅಲ್ಲಿ ‘ಐಸ್’ ಎಂಬ ಹೆಸರನ್ನೂ ತೆಗೆದುಹಾಕಿದರು. ೧೯೯೬ರಲ್ಲಿ ಇಟ್ಟ ಹೆಸರು ೨೦೨೩ರಲ್ಲಿ ಕರಗಿಹೋಯಿತು. ಮಂಜುಗಡ್ಡೆಯ ಧರ್ಮವೇ ಅದಷ್ಟೆ.

ಸೋತಲ್ಲಿ ಎರಡು ವರ್ಷ, ಸದಾ ಗೆದ್ದಲ್ಲಿ ನಾಲ್ಕು ವರ್ಷ, ತನ್ನದೆಂದು ನೋಡಿಕೊಂಡ ಸಣ್ಣ ಊರಿನಲ್ಲಿ ಇಪ್ಪತ್ತೊಂದು ವರ್ಷ. ಇದರಿಂದ ನಾನು ತಿಳಿದುಕೊಂಡುದಿಷ್ಟು: ಎಳೆಯರ ಸಂಸ್ಥೆಗೆ ಆಯುಸ್ಸನ್ನು ಕೊಡತಕ್ಕದ್ದು ಜಯವಲ್ಲ, ಆಶ್ರಯ. ಇದಕ್ಕೆ ಎಡ್ಮಂಟನ್ ನಗರವೇ ಮತ್ತೊಂದು ಸಾಕ್ಷಿ. ೨೦೦೭ರಲ್ಲಿ ಆಯ್ಲರ್ಸ್ ಒಡೆಯರು ತಾವೇ ಮುಂದೆ ಬಂದು ಹೊಸ ಆಯಿಲ್ ಕಿಂಗ್ಸ್ ತಂಡವನ್ನು ಕಟ್ಟಿ, ತಮ್ಮ ದೊಡ್ಡ ಭವನದಲ್ಲಿಯೇ ಆಡಿಸಿದರು. ಆ ತಂಡವು ೨೦೧೪ರಲ್ಲಿ ಮೆಮೋರಿಯಲ್ ಕಪ್ಪನ್ನು ಗೆದ್ದಿತು. ಊರು ಅದೇ, ಆಲದ ಮರವೂ ಅದೇ. ಆದರೆ ಈ ಸಲ ಮರವು ಸಸಿಗೆ ನೆರಳಾಯಿತು.

ಹಾಗಾದರೆ ಆಶ್ರಯ ಸಿಗದೆ ಅಳಿದ ಆ ಎರಡು ಚಳಿಗಾಲಗಳು ವ್ಯರ್ಥವೇ? ಈ ಪ್ರಶ್ನೆಯನ್ನು ನಾನು ಕೇವಲ ಕುತೂಹಲದಿಂದ ಕೇಳುತ್ತಿಲ್ಲ. ನಾನು ಮೊದಲು ಉಪಾಧ್ಯಾಯನಾಗಿ ಸೇರಿದುದು ಊರವರು ಕೂಡಿ ತೆರೆದ ಒಂದು ಪುಟ್ಟ ಸಂಸ್ಕೃತ ಪಾಠಶಾಲೆಗೆ. ದೇವಸ್ಥಾನದ ಹಜಾರವೇ ಕೊಠಡಿ. ಎರಡನೆಯ ವರ್ಷದ ಕೊನೆಗೆ ಒಂಬತ್ತು ಹುಡುಗರು ಉಳಿದಿದ್ದರು. ಬೇಸಗೆಯ ರಜೆಗೆ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. ನನ್ನ ಅಸಾಮರ್ಥ್ಯದಿಂದಲೇ ಹೀಗಾಯಿತೆಂದು ಬಹುಕಾಲ ಕೊರಗಿದೆ. ಮುಂದೆ ದೊಡ್ಡ ಶಾಲೆಗಳಲ್ಲಿ ಕೆಲಸ ಮಾಡಿದರೂ ಸೇವೆಯ ಲೆಕ್ಕ ಹೇಳುವಾಗ ಆ ಎರಡು ವರ್ಷಗಳನ್ನು ಬಿಟ್ಟೇ ಹೇಳುತ್ತಿದ್ದೆ.

ಆ ಒಂಬತ್ತು ಮಂದಿಯಲ್ಲಿ ಒಬ್ಬನು ಈಗ ಕಾಳುಕಡ್ಡಿಯ ವ್ಯಾಪಾರಿ. ಸಂಸ್ಕೃತಕ್ಕೂ ಅವನ ತಕ್ಕಡಿಗೂ ಯಾವ ಸಂಬಂಧವೂ ಇಲ್ಲ. ಆದರೂ ಪೇಟೆಯಲ್ಲಿ ನನ್ನನ್ನು ಕಂಡೊಡನೆ ಗಿರಾಕಿಗಳ ನಡುವೆ ಎದ್ದು ನಿಂತು, “ಮೇಷ್ಟ್ರೇ, ಕೇಳಿ” ಎಂದು ರಾಮಶಬ್ದದ ಏಳು ವಿಭಕ್ತಿಗಳನ್ನೂ ತಪ್ಪಿಲ್ಲದೆ ಒಪ್ಪಿಸಿ ಗಟ್ಟಿಯಾಗಿ ನಗುವನು. ನಾನೂ ನಗುವೆನು. ಅದು ಪಾಠಶಾಲೆಯ ಅವಶೇಷವೆಂದು ನನಗೆ ಎಂದೂ ತೋರಿರಲಿಲ್ಲ. ಎಡ್ಮಂಟನ್ನಿನ ಸಂತೆಶಾಲೆಯಲ್ಲಿ ಕೆಲವೇ ಪಂದ್ಯಗಳನ್ನಾಡಿದ ಹುಡುಗನ ಕಥೆಯನ್ನು ಓದಿದ ಮೇಲೆ ತೋರಿತು. ಸಂಸ್ಥೆ ಅಳಿದೀತು, ಹುಡುಗನ ಕಾಲಿಗೆ ಬಂದ ಓಟ, ನಾಲಗೆಗೆ ಬಂದ ಪಾಠ, ಯಾರೋ ಒಬ್ಬ ತಾಯಿ ರಾತ್ರಿ ಕಾದಿದ್ದು ಬಡಿಸಿದ ಅನ್ನ, ಇವು ಅವನ ಸಂಗಡ ನಡೆದುಹೋಗುವುವು. ಪಶ್ಚಿಮ ಲೀಗಿನಲ್ಲಿ ಇನ್ನೊಂದು ನಿಯಮವುಂಟು: ಅಲ್ಲಿ ಒಂದು ಋತು ಆಡಿದ ಹುಡುಗನಿಗೆ ಒಂದು ವರ್ಷದ ಉನ್ನತ ವಿದ್ಯಾಭ್ಯಾಸಕ್ಕೆ ವಿದ್ಯಾರ್ಥಿವೇತನ. ಆ ಋತುವಿನಲ್ಲಿ ತಂಡ ಗೆದ್ದಿತೇ ಸೋತಿತೇ ಎಂದು ಕೇಳುವುದಿಲ್ಲ. ಇದು ಸರಿಯಾದ ಲೆಕ್ಕವೆಂದು ಈ ಹಳೆಯ ಉಪಾಧ್ಯಾಯನ ಅಭಿಪ್ರಾಯ.

ಗೃಹಸ್ಥರಲ್ಲಿ ನನ್ನ ವಿನಂತಿಯೊಂದೇ. ನಿಮ್ಮ ಊರಿನಲ್ಲಿ ಮಕ್ಕಳಿಗಾಗಿ ಯಾರಾದರೂ ಒಂದು ಭಜನೆಯ ವರ್ಗವನ್ನೋ, ಆಟದ ಕೂಟವನ್ನೋ, ಪುಸ್ತಕದ ಕಪಾಟನ್ನೋ ತೆರೆದರೆ, ಅದು ನಿಲ್ಲುವುದೇ ಗೆಲ್ಲುವುದೇ ಎಂದು ದೂರ ನಿಂತು ಪರೀಕ್ಷಿಸಬೇಡಿ. ಒಂದು ಸಂಜೆ ಹೋಗಿ ಕುಳಿತುಕೊಳ್ಳಿ. ಪರಊರಿನ ಹುಡುಗನಿದ್ದರೆ ಒಂದು ಹೊತ್ತು ಊಟಕ್ಕೆ ಕರೆಯಿರಿ. ಕ್ರಾನ್‌ಬ್ರುಕ್ಕಿನವರು ತಮ್ಮ ತಂಡ ಹೋಯಿತೆಂದು ಅಂಗಣದ ಬಾಗಿಲಿಗೆ ಬೀಗ ಹಾಕಲಿಲ್ಲ. ಮರುವರ್ಷವೇ, ೨೦೨೦ರಲ್ಲಿ, ‘ಬಕ್ಸ್’ ಎಂಬ ಮತ್ತೊಂದು ಹುಡುಗರ ತಂಡವನ್ನು ಅಲ್ಲಿ ನೆಲೆಗೊಳಿಸಿದರು.

ನಾನು ಊರಿಗೆ ಹೊರಡುವ ಹಿಂದಿನ ದಿನ ಮೊಮ್ಮಗನಿಗೆ ಕಥೆಯನ್ನೆಲ್ಲ ಹೇಳಿ ಮುಗಿಸಿದೆ. ಅವನು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಹಾಗಾದರೆ ಇದು ಸೋತವರ ಅಂಗಿಯೋ, ಗೆದ್ದವರ ಅಂಗಿಯೋ, ತಾತ?” ಎಂದನು. “ಆಡಿದವರ ಅಂಗಿ” ಎಂದೆ. ಅವನು ಅದನ್ನು ತೊಟ್ಟುಕೊಂಡು ಹಿತ್ತಲಿನ ಹಿಮದೊಳಕ್ಕೆ ಓಡಿದನು. ತೋಳುಗಳು ಮೊಣಕೈಯಿಂದ ಕೆಳಗೆ ಒಂದು ಗೇಣು ಜೋಲುತ್ತಿದ್ದುವು. ಬೆಳೆಯುವ ಹುಡುಗ, ಇನ್ನು ಐದಾರು ವರ್ಷಕ್ಕೆ ಸರಿಹೋಗುವುದು.